ಭಾನುವಾರದ ದೋಣಿ

ಕೇಳುಗರೆಲ್ಲರಿಗೂ ನಮಸ್ಕಾರ. ನಾನು ಹೊನ್ನಾವರದ ಕಡೆಯವಳು, ಈಗ ಮುಂಬೈನಲ್ಲಿ ಬ್ಯಾಂಕ್ ಕೆಲಸ. ಇವತ್ತು ಹೇಳೋದು ಬ್ಯಾಂಕ್ ವಿಷಯ ಅಲ್ಲ, ರೇಸಿಗೆ ಹೋಗೋ ಒಂದು ಹಾಯಿದೋಣಿ ವಿಷಯ. ಕಳೆದ ಅಕ್ಟೋಬರ್‌ನಿಂದ ಮೇ ತಿಂಗಳವರೆಗೆ, ಮದುವೆ ಮುಂಜಿ ಬಿಟ್ಟರೆ ಒಂದು ಭಾನುವಾರನೂ ತಪ್ಪದೆ ನಾನು ಆ ದೋಣಿ ಮೇಲಿದ್ದೆ, ನನ್ನ ಜೊತೆ ಇನ್ನೂ ನಾಲ್ಕು ಜನ ಇದ್ದರು, ನಮ್ಮಲ್ಲಿ ಒಬ್ಬರಿಗೂ ಇದು ಹೊಟ್ಟೆಪಾಡಲ್ಲ.

ಗೇಟ್‌ವೇ ಆಫ್ ಇಂಡಿಯಾ ಹತ್ರ ನಿಂತು ಸಮುದ್ರ ನೋಡಿದವರಿಗೆ ಗೊತ್ತಿರುತ್ತೆ, ಎಲಿಫೆಂಟಾಕ್ಕೆ ಹೋಗೋ ಲಾಂಚುಗಳ ಆಚೆ ಒಂದಷ್ಟು ಬಿಳಿ ದೋಣಿಗಳು ಬೋಯಾಕ್ಕೆ, ಅಂದ್ರೆ ನಿಂತಲ್ಲೇ ತೇಲೋ ಡಬ್ಬಿಗೆ, ಕಟ್ಟಿಕೊಂಡು ತೂಗಾಡ್ತಿರ್ತವೆ. ಅದರಲ್ಲಿ ಒಂದು ನಮ್ಮದು. ನಮ್ಮದು ಅಂದ್ರೆ ನಮ್ಮ ದೋಣಿ ನಾಯಕರದು, ಸ್ಕಿಪ್ಪರ್‌ದು. ಅವರು ರಿಟೈರ್ ಆದ ಕಣ್ಣಿನ ಡಾಕ್ಟರು, ಪಾರ್ಸಿ, ನನ್ನನ್ನ ದೀಕ್ರಾ, ಅಂದ್ರೆ ಮಗು, ಅಂತಲೇ ಕರೀತಾರೆ. ಮಧ್ಯಾಹ್ನ ಒಂದು ಗಂಟೆಗೆ ಜೆಟ್ಟಿಗೆ ಬಂದ್ರೆ ಟಂಡೇಲ್ ಕಾಕಾ ತನ್ನ ಚಿಕ್ಕ ಹೋಡಿಯಲ್ಲಿ ನಮ್ಮನ್ನ ದೋಣಿ ತನಕ ಬಿಡ್ತಾರೆ. ಅವರು ಯಾವತ್ತೂ ಕುಶಲ ಕೇಳಲ್ಲ, ಹತ್ತಿದ ಕೂಡ್ಲೇ ಹೇಳೋದು ಒಂದೇ ಮಾತು, ಭರತಿ ಅಥವಾ ಓಹೋಟಿ. ಅಂದ್ರೆ ನಮ್ಮ ಉಬ್ಬರ, ಇಳಿತ. ಆ ಒಂದು ಮಾತಿನ ಮೇಲೆ ನಮ್ಮ ಇಡೀ ಮಧ್ಯಾಹ್ನ ನಿಂತಿರುತ್ತೆ, ಅದು ನನಗೆ ಅರ್ಥ ಆಗೋಕೆ ಎರಡು ತಿಂಗಳು ಬೇಕಾಯ್ತು.

ದೋಣಿ ಹೆಸರು ಬೇಡ, ಜಾತಿ ಹೇಳ್ತೀನಿ. ಜೆ-24. ಅಮೆರಿಕದ ರಾಡ್ ಜಾನ್‌ಸ್ಟನ್ ಅನ್ನೋರು 1970ರ ದಶಕದಲ್ಲಿ ಡಿಸೈನ್ ಮಾಡಿದ್ದು, ಪ್ರಪಂಚದಲ್ಲಿ ಐದು ಸಾವಿರಕ್ಕೂ ಹೆಚ್ಚು ಇಂಥವು ತಯಾರಾಗಿವೆ. ಉದ್ದ 24 ಅಡಿ, ಫೈಬರ್ ಮೈ, ಹೊಟ್ಟೆ ಕೆಳಗೆ ಮೀನಿನ ರೆಕ್ಕೆ ಥರ ಒಂದು ಕೀಲ್, ಅದರಲ್ಲಿ 400 ಕಿಲೋಗೂ ಮೇಲೆ ಸೀಸ. ಎಲ್ಲಾ ದೋಣಿನೂ ಒಂದೇ ಅಚ್ಚು, ಹಾಯಿ ಅಳತೆನೂ ಒಂದೇ, ಹಂಗಾಗಿ ದುಡ್ಡು ಸುರಿದು ಗೆಲ್ಲೋಕೆ ಜಾಗ ಕಮ್ಮಿ. ತಂಡದ ಒಟ್ಟು ತೂಕಕ್ಕೂ ಮಿತಿ ಇದೆ, 400 ಕಿಲೋ ದಾಟೋ ಹಾಗಿಲ್ಲ. ನಾವು ಐದೂ ಜನ ಸೇರಿ 318 ಇದ್ವಿ. ಅವತ್ತು ನಕ್ಕೊಂಡು ಹೆಮ್ಮೆ ಪಟ್ಟಿದ್ವಿ, ಮಾರ್ಚ್‌ನಲ್ಲಿ ಗಾಳಿ ಏರಿದಾಗ ಗೊತ್ತಾಯ್ತು ಅದರ ಕಷ್ಟ.

ಚುಕ್ಕಾಣಿ ಡಾಕ್ಟರ ಕೈಯಲ್ಲಿ. ದೊಡ್ಡ ಹಾಯಿ ನೋಡ್ಕೊಳ್ಳೋರು ಒಬ್ಬರು ಸ್ಕೂಲ್ ಟೀಚರ್. ಮುಂದಿನ ಹಾಯಿಯ ಹಗ್ಗ ಹಿಡಿಯೋನು ಲಿಫ್ಟ್ ರಿಪೇರಿ ಮಾಡೋ ಹುಡುಗ, ಅವನ ಕೈ ಕಬ್ಬಿಣ. ಕೂವೆಕಂಬದ ಹತ್ರ ಹಾಯಿ ಏರಿಸಿ ಇಳಿಸೋಕೆ ಕಾಲೇಜು ಓದೋ ಹುಡುಗ. ದೋಣಿಯ ಮೂತಿ ಮೇಲೆ ಎಲ್ಲರಿಗಿಂತ ಮೊದಲು ನೀರು ಹೊಡೆಸ್ಕೊಳ್ಳೋಳು ನಾನು. ತುಂಬಾ ಜನ ಕೇಳ್ತಾರೆ, ಇದು ಶ್ರೀಮಂತರ ಆಟ ಅಲ್ವಾ ಅಂತ. ದೋಣಿ ಇಟ್ಕೊಳ್ಳೋದು ಶ್ರೀಮಂತರ ಕೆಲಸವೇ ಹೌದು, ಅದನ್ನ ಮುಚ್ಚಿಡೋದಿಲ್ಲ. ಆದ್ರೆ ಒಬ್ಬರ ಹತ್ರ ದೋಣಿ ಇದ್ರೆ ಅವರಿಗೆ ನಾಲ್ಕು ಜೊತೆ ಕೈ ಬೇಕೇ ಬೇಕು, ಬಿಡದೇ ಪ್ರತಿ ವಾರ ಬರೋ ಕೈ ಸಿಗೋದು ಕಷ್ಟ. ನಾನು ಕೊಂಡಿದ್ದು ಒಂದು ಜೊತೆ ಗ್ಲೌಸ್ ಮತ್ತೆ ಜಾರದ ಶೂ, ಅಷ್ಟೇ.

ನಮ್ಮಜ್ಜ ಮಚವೆಯಲ್ಲಿ, ಅಂದ್ರೆ ಸರಕು ಸಾಗಿಸೋ ಹಾಯಿದೋಣಿಯಲ್ಲಿ, ಹೋದವರು. ಆ ಕಾಲದಲ್ಲಿ ಮಂಗಳೂರು ಹೆಂಚು, ಮರ, ತೆಂಗಿನಕಾಯಿ ಎಲ್ಲಾ ಹಾಯಿದೋಣಿಯಲ್ಲೇ ಮುಂಬೈಗೆ ಬರ್ತಿತ್ತು. ಮನೆ ಜಗಲಿ ಮೇಲೆ ಕೂತು ಅವರು ಪಡುಗಾಳಿ, ಬಡಗಾಳಿ ಅಂತ ಹೇಳ್ತಿದ್ದಾಗ ನಾನು ಕಿವಿಗೇ ಹಾಕ್ಕೊಂಡಿರ್ಲಿಲ್ಲ. ಈಗ ಅದೇ ಬಂದರಿನಲ್ಲಿ ಕೂತು ಆ ಮಾತುಗಳನ್ನ ಒಂದೊಂದೇ ಹೆಕ್ಕಿ ನೆನಪು ಮಾಡ್ಕೋತಾ ಇದೀನಿ.

ರೇಸ್ ಶುರುವಾಗೋದೇ ಒಂದು ದೊಡ್ಡ ಕಥೆ. ಓಟದ ಪಂದ್ಯದ ಹಾಗೆ ಗೆರೆ ಮೇಲೆ ನಿಲ್ಲೋಕಾಗಲ್ಲ, ದೋಣಿಗೆ ಬ್ರೇಕ್ ಇಲ್ಲ. ರೇಸ್ ನಡೆಸೋ ಕಮಿಟಿಯ ದೋಣಿಗೂ ಒಂದು ಬೋಯಾಕ್ಕೂ ಮಧ್ಯೆ ಕಣ್ಣಿಗೆ ಕಾಣದ ಗೆರೆ. ಐದು ನಿಮಿಷ ಇದ್ದಾಗ ಒಂದು ಬಾವುಟ, ನಾಲ್ಕಕ್ಕೆ ಇನ್ನೊಂದು, ಒಂದು ನಿಮಿಷ ಇದ್ದಾಗ ಆ ಎರಡನೇದು ಇಳಿಯುತ್ತೆ, ಸೊನ್ನೆಗೆ ಮೊದಲನೇದೂ ಇಳಿಯುತ್ತೆ, ಹೊರಡು. ಜೊತೆಗೆ ಹಾರ್ನ್ ಊದ್ತಾರೆ, ಆದ್ರೆ ಲೆಕ್ಕ ಬಾವುಟದ್ದು, ಸದ್ದಿನದ್ದಲ್ಲ. ಆ ಐದು ನಿಮಿಷ ಆರು ದೋಣಿಗಳು ಸಂತೆಯಲ್ಲಿ ಹಸು ಸುತ್ತಿದ ಹಾಗೆ ಒಂದರ ಮೈಗೆ ಒಂದು ಸವರೋ ಅಷ್ಟು ಹತ್ರ ಸುತ್ತುತ್ತಾ ಇರ್ತವೆ, ನಾನು ಮೂತಿ ಮೇಲೆ ನಿಂತು ಗೆರೆಗೆ ಇನ್ನೆಷ್ಟು ದೋಣಿಯುದ್ದ ಅಂತ ಬೆರಳಲ್ಲಿ ತೋರಿಸ್ಬೇಕು, ಮೂರು, ಎರಡು, ಒಂದು, ಮುಷ್ಟಿ. ಕೂಗಿದ್ರೆ ಪಕ್ಕದವರಿಗೂ ಕೇಳುತ್ತೆ ಅಂತ ಬೆರಳು.

ಆಮೇಲೆ ಗಾಳಿಗೆ ಎದುರು, ಗಾಳಿ ಬರೋ ಕಡೆ ಇರೋ ಮೇಲಿನ ಬೋಯಾ ತನಕ, ಅದನ್ನ ಸುತ್ತಿ ಗಾಳಿ ಬೆನ್ನಿಗೆ ಹಾಕ್ಕೊಂಡು ಕೆಳಗಿನ ಬೋಯಾಕ್ಕೆ. ಯಾವ ಹಾಯಿದೋಣಿನೂ ಗಾಳಿ ಬರೋ ಕಡೆಗೆ ನೇರ ಹೋಗಲ್ಲ, ಹೆಚ್ಚೂಕಮ್ಮಿ 45 ಡಿಗ್ರಿ ಓರೆಯಲ್ಲಿ ಒಂದಷ್ಟು ಬಲಕ್ಕೆ, ತಿರುಗಿಸಿ ಒಂದಷ್ಟು ಎಡಕ್ಕೆ, ಘಾಟಿ ಹತ್ತೋ ಬಸ್ಸಿನ ಹಾಗೆ. ಮುಂದಿನ ಹಾಯಿಗೆ ಎರಡೂ ಮಗ್ಗುಲಲ್ಲಿ ಉಲ್ಲನ್ ದಾರದ ತುಂಡು ಅಂಟಿಸಿರ್ತೀವಿ, ಗೇಣುದ್ದ, ಒಂದು ಕಡೆ ಕೆಂಪು, ಇನ್ನೊಂದು ಕಡೆ ಹಸಿರು. ಎರಡೂ ದಾರ ನೆಟ್ಟಗೆ ಹಿಂದಕ್ಕೆ ಹರೀತಿದ್ರೆ ದೋಣಿ ಸರಿಯಾಗಿದೆ. ಗಾಳಿ ಬರೋ ಕಡೆಯ ದಾರ ಕುಣಿದ್ರೆ ಗಾಳಿಗೆ ಜಾಸ್ತಿ ಮುಖ ಕೊಟ್ಟಿದೀವಿ, ಆಚೆ ಮಗ್ಗುಲಿನದು ಕುಣಿದ್ರೆ ಜಾಸ್ತಿ ಬೆನ್ನು ಕೊಟ್ಟಿದೀವಿ. ನಮ್ಮ ಡಾಕ್ಟರು ಇಡೀ ಆಯಸ್ಸು ಜನರ ಕಣ್ಣು ನೋಡಿದವರು, ಈಗ ಎರಡು ಗಂಟೆ ಹೊತ್ತು ರೆಪ್ಪೆ ಮಿಟುಕಿಸದೆ ಆ ಗೇಣು ದಾರ ನೋಡ್ತಾ ಕೂರ್ತಾರೆ.

ಸರಿ, ಸೀಸನ್ ಹೇಗಾಯ್ತು? ನವೆಂಬರ್ ಮುಗಿಯೋ ಹೊತ್ತಿಗೆ ಆರು ದೋಣಿಯಲ್ಲಿ ನಾವು ಆರನೇದು. ಗಾಳಿಗೆ ಎದುರು ಹೋಗುವಾಗ ಮೂರನೇಯೋ ನಾಲ್ಕನೇಯೋ ಇರ್ತಿದ್ವಿ, ಮೇಲಿನ ಬೋಯಾ ಸುತ್ತಿ ಸ್ಪಿನೇಕರ್ ಏರಿಸೋ ಅರ್ಧ ನಿಮಿಷದಲ್ಲಿ ಎಲ್ಲಾ ಕಳ್ಕೋತಿದ್ವಿ. ಸ್ಪಿನೇಕರ್ ಅಂದ್ರೆ ಗಾಳಿ ಬೆನ್ನಿಗಿದ್ದಾಗ ಬಲೂನ್ ಥರ ಉಬ್ಬೋ ಬಣ್ಣದ ಹಾಯಿ. ಒಂದು ಭಾನುವಾರ ಅದು ಅರ್ಧ ಏರೋ ಹೊತ್ತಿಗೆ ನಡುವಿನಲ್ಲಿ ತಿರುಚಿಕೊಳ್ತು, ಮೇಲೊಂದು ಗುಳ್ಳೆ, ಕೆಳಗೊಂದು ಗುಳ್ಳೆ, ನಡುವೆ ಹಿಂಡಿದ ಸೀರೆ. ಆಮೇಲೆ ಮುಂದಿನ ತಂತಿ ಸುತ್ತ ಸುತ್ತಿಕೊಳ್ತು. ನಾನು ಎಳೀತೀನಿ, ಹುಡುಗ ಇಳಿಸ್ತಾನೆ, ಟೀಚರ್ ಇನ್ನೊಂದು ಮೂಲೆ ಜಗ್ಗುತ್ತಾರೆ, ಒಬ್ಬೊಬ್ಬರದು ಒಂದೊಂದು ಕೂಗು, ಎಲ್ಲಾ ದೋಣಿಗಳೂ ನಮ್ಮನ್ನ ದಾಟಿ ಹೋದ್ವು. ಆ ದಿನ ದಡಕ್ಕೆ ಬರೋ ತನಕ ಯಾರೂ ಮಾತಾಡಲಿಲ್ಲ. ತಪ್ಪು ನನ್ನದೇ, ಹಾಯಿ ಮಡಚಿ ಚೀಲಕ್ಕೆ ತುಂಬಿದ್ದು ನಾನು. ತುದಿಯಿಂದ ಹಿಡಿದು ಕೆಂಪು ಅಂಚು ಪೂರ್ತಿ ಒಂದು ಸಲ, ಹಸಿರು ಅಂಚು ಪೂರ್ತಿ ಒಂದು ಸಲ ಬೆರಳಲ್ಲಿ ಸವರ್ಕೊಂಡು ಬರ್ಬೇಕು, ಎಲ್ಲೂ ತಿರುವು ಇರಬಾರದು. ನಾನು ಅವಸರದಲ್ಲಿ ಒಂದೇ ಅಂಚು ನೋಡಿ ತುರುಕಿದ್ದೆ.

ಮರುದಿನ ಡಾಕ್ಟರು ಫೋನ್ ಮಾಡಿ ಬೈತಾರೆ ಅಂದ್ಕೊಂಡೆ. ಅವರು ಕೇಳಿದ್ದು ಶನಿವಾರ ಬೆಳಿಗ್ಗೆ ಎರಡು ಗಂಟೆ ಟೈಮ್ ಕೊಡ್ತೀರಾ ಅಂತ, ನಾಲ್ಕೂ ಜನಕ್ಕೂ ಅದೇ ಪ್ರಶ್ನೆ. ಬೆಳಿಗ್ಗೆ ನೆಲದ ಕಡೆಯಿಂದ ಸಣ್ಣ ಗಾಳಿ ಇರುತ್ತೆ, ಅದು ಸತ್ತು ಮಧ್ಯಾಹ್ನ ಕಡಲಗಾಳಿ ಬರೋ ತನಕ ನೀರು ಶಾಂತ. ಒಂದೇ ಬೋಯಾ ಸುತ್ತ ಏರಿಸು, ಪಕ್ಕ ಬದಲಿಸು, ಇಳಿಸು, ಮತ್ತೆ ಏರಿಸು. ಪಕ್ಕ ಬದಲಿಸುವಾಗ ನಾನು ಸ್ಪಿನೇಕರ್‌ನ ಕೋಲನ್ನ ಕಂಬದಿಂದ ಬಿಡಿಸಿ, ಆ ತುದಿಯನ್ನ ಆಚೆ ಹಗ್ಗಕ್ಕೆ ಸಿಗಿಸಿ, ಹಳೇ ತುದಿ ಬಿಡಿಸಿ ಕಂಬಕ್ಕೆ ಹಾಕ್ಬೇಕು, ಎರಡು ಕೈನೂ ಅದರಲ್ಲೇ, ದೋಣಿ ಹೊಯ್ದಾಡ್ತಿರುತ್ತೆ, ಬೆನ್ನು ಕಂಬಕ್ಕೆ ಆನಿಸಿ ನಿಲ್ಲೋದು. ಮೊದಲ ಶನಿವಾರ ಇದಕ್ಕೆ ನನಗೆ ಒಂದು ನಿಮಿಷಕ್ಕೂ ಜಾಸ್ತಿ ಬೇಕಾಯ್ತು, ಜನವರಿ ಹೊತ್ತಿಗೆ ಹತ್ತು ಸೆಕೆಂಡ್. ನನ್ನ ಕೈ ಚುರುಕಾಗಿದ್ದು ಸ್ವಲ್ಪವೇ. ಜಾಸ್ತಿ ಆಗಿದ್ದೇನಂದ್ರೆ, ಲಿಫ್ಟ್ ಹುಡುಗ ನಾನು ಕೇಳೋ ಮೊದಲೇ ಹಗ್ಗವನ್ನ ಒಂದು ಮೊಳ ಸಡಿಲ ಬಿಡ್ತಿದ್ದ, ಅದು ಸಡಿಲ ಆಗುತ್ತೆ ಅಂತ ಗೊತ್ತಿದ್ದು ನಾನು ಮೊದಲೇ ಕೈ ಚಾಚ್ತಿದ್ದೆ. ಬೇರೆ ದೋಣಿಗಳಲ್ಲಿ ನಮಗಿಂತ ಚೆನ್ನಾಗಿ ಆಡೋರಿದ್ರು, ಆದ್ರೆ ವಾರಕ್ಕೊಂದು ಮುಖ ಬದಲಾಗ್ತಿತ್ತು, ನಾವು ಅದೇ ಐದು ಜನ. ನಾವು ಗಳಿಸಿದ್ದೆಲ್ಲಾ ಅಲ್ಲಿಂದಲೇ ಬಂತು ಅಂತ ನಾನು ಖಂಡಿತ ಹೇಳ್ತೀನಿ.

ನಾವು ಮೊದಲ ಸಲ ಗೆದ್ದ ರೇಸ್ ಮಾತ್ರ ಬೇರೇನೇ. ಡಿಸೆಂಬರ್, ಅಮಾವಾಸ್ಯೆಯ ಮಾರನೇ ದಿನ. ಅಮಾವಾಸ್ಯೆ ಹುಣ್ಣಿಮೆ ಆಸುಪಾಸು ಈ ಬಂದರಿನಲ್ಲಿ ನೀರು ನಾಲ್ಕು ಮೀಟರ್‌ಗೂ ಮೇಲೆ ಏರಿ ಇಳಿಯುತ್ತೆ, ಅಷ್ಟು ನೀರು ಬಂದರಿನ ಬಾಯಿಂದಲೇ ಹೊರಗೆ ಹೋಗ್ಬೇಕು, ಹಂಗಾಗಿ ಸೆಳೆತ ಜೋರು. ಗಾಳಿ ಬಡಗಣದಿಂದ ಸಣ್ಣಗೆ ಬರ್ತಿತ್ತು, ಇಳಿತ ತೆಂಕಣಕ್ಕೆ ಎಳೀತಿತ್ತು. ದಡದ ಪಕ್ಕ ಹೋದ್ರೆ ಸೆಳೆತ ಕಮ್ಮಿ, ಆದ್ರೆ ಅಲ್ಲಿ ಕಟ್ಟಡಗಳು ಗಾಳಿ ನುಂಗ್ತವೆ. ನಡುನೀರಲ್ಲಿ ಗಾಳಿ ಚೆನ್ನಾಗಿದೆ, ಆದ್ರೆ ಸೆಳೆತ. ಎಲ್ಲರೂ ಅವರವರ ಲೆಕ್ಕದಲ್ಲಿ ಹೋದ್ವಿ, ಮೂರೂವರೆಗೆ ಗಾಳಿ ಪೂರ್ತಿ ನಿಂತುಹೋಯ್ತು. ಹಾಯಿ ಜೋಲು ಬಿತ್ತು. ಉಲ್ಲನ್ ದಾರ ಒದ್ದೆ ಕೂದಲಿನ ಹಾಗೆ ನೇತಾಡ್ತು. ನಾನು ಮುಂದೆ ಕೂತು ಮೀನುಗಾರರ ಬಲೆಯ ಒಂದು ಬೆಂಡು ನೋಡ್ತಿದ್ದೆ, ಅದರ ಸುತ್ತ ನೀರು ಹೊಳೆ ಥರ ಹರೀತಿತ್ತು, ಬೆಂಡು ನಮ್ಮನ್ನ ದಾಟಿ ಮುಂದೆ ಹೋದ ಹಾಗೆ ಕಾಣ್ತು. ಬೆಂಡು ಹೋಗ್ತಿಲ್ಲ, ನಾವೇ ಹಿಂದೆ ಹೋಗ್ತಿದೀವಿ! ಹೊಳೆ ಬಾಯಲ್ಲಿ ಗಾಳಿ ಬಿದ್ರೆ ಲಂಗರು ಹಾಕಿ ಕೂತ್ಕೋಬೇಕು ಅಂತ ಅಜ್ಜ ಹೇಳಿದ್ದು ನೆನಪಾಯ್ತು. ಡಾಕ್ಟರ ಕಡೆ ತಿರುಗಿ ಮೆಲ್ಲಗೆ ಲಂಗರು ಅಂದೆ. ಅವರು ಒಂದು ಕ್ಷಣ ನನ್ನ ಮುಖ ನೋಡಿ ತಲೆ ಆಡಿಸಿದ್ರು. ನಿಯಮದಲ್ಲಿ ಲಂಗರು ಹಾಕಬಹುದು, ಹೊರಡುವಾಗ ಅದನ್ನ ಎತ್ಕೊಂಡೇ ಹೋಗ್ಬೇಕು ಅಷ್ಟೇ. ಸದ್ದಾಗಬಾರದು ಅಂತ ಕಾಲೇಜು ಹುಡುಗ ಸರಪಳಿಗೆ ತನ್ನ ಅಂಗಿ ಸುತ್ತಿ ಒಂದೊಂದೇ ಕೊಂಡಿ ಬಿಟ್ಟ. ಹಗ್ಗ ಬಿಗಿಯಾಯ್ತು, ಮೂತಿಯಲ್ಲಿ ನೀರು ಗುಳುಗುಳು ಅಂತು. ನಾವು ನಿಂತಲ್ಲೇ ಇದ್ವಿ, ಮಿಕ್ಕ ಐದು ದೋಣಿಗಳು ಹಾಯಿ ಬಿಚ್ಚಿಕೊಂಡೇ ಮೆತ್ತಗೆ ಹಿಂದೆ ಹಿಂದೆ ಸರೀತಾ ಹೋದ್ವು, ಇಪ್ಪತ್ತು ನಿಮಿಷ. ಗಾಳಿ ಮತ್ತೆ ಬಂದಾಗ ನಮಗೂ ಅವರಿಗೂ ನಡುವೆ ಒಂದು ಊರಿನಷ್ಟು ನೀರಿತ್ತು.

ಈ ಆಟದಲ್ಲಿ ನೀರಿನ ಮೇಲೆ ಸಾಮಾನ್ಯವಾಗಿ ರೆಫರಿ ಇರಲ್ಲ, ಇದು ನನಗೆ ತುಂಬಾ ಇಷ್ಟ. ಎಡಮಗ್ಗುಲಿಗೆ ಗಾಳಿ ಇರೋ ದೋಣಿ ಬಲಮಗ್ಗುಲಿಗೆ ಗಾಳಿ ಇರೋ ದೋಣಿಗೆ ದಾರಿ ಬಿಡ್ಬೇಕು, ಬಿಡದೇ ಹೋದ್ರೆ ತಾನೇ ಎರಡು ಸುತ್ತು ಸುತ್ತಿ ದಂಡ ಕಟ್ಬೇಕು. ಬೋಯಾಕ್ಕೆ ದೋಣಿ ತಾಗಿದ್ರೆ ಒಂದು ಸುತ್ತು. ಫೆಬ್ರವರಿಯಲ್ಲಿ ಒಂದು ರೇಸಲ್ಲಿ ನಾವು ಎರಡನೇ ಜಾಗದಲ್ಲಿದ್ವಿ, ಕೆಳಗಿನ ಬೋಯಾ ಸುತ್ತುವಾಗ ಹಿಂಭಾಗ ಅದಕ್ಕೆ ಸವರಿತು, ಬಣ್ಣಕ್ಕೆ ಬಣ್ಣ ತಾಗಿದ ಅಷ್ಟೇ ಸದ್ದು. ಬೇರೆ ಯಾರೂ ನೋಡಿರಲಿಲ್ಲ. ಕಾಲೇಜು ಹುಡುಗ, ತಾಗಿತು ಸರ್ ಅಂದ. ಡಾಕ್ಟರು ಆಗಲೇ ಚುಕ್ಕಾಣಿ ತಿರುಗಿಸಿದ್ರು. ಆ ಸುತ್ತಿನಲ್ಲಿ ಎರಡು ದೋಣಿ ನಮ್ಮನ್ನ ದಾಟಿದ್ವು, ನಾಲ್ಕನೇ ಜಾಗ.

ಮಾರ್ಚ್‌ನಲ್ಲಿ ವಾಯವ್ಯದ ಗಾಳಿ ಮಧ್ಯಾಹ್ನ ಹೊತ್ತು ಜೋರಾಗಿ ಬೀಸೋಕೆ ಶುರುವಾಯ್ತು. ಐದೂ ಜನ ಅಂಚಿಗೆ ಕಾಲು ಇಳಿಬಿಟ್ಟು ಕೂತರೂ ದೋಣಿ ವಾಲೋದು ತಪ್ಪಲಿಲ್ಲ, 318 ಕಿಲೋದ ಪಾಡು. ಎರಡು ಸಲ ಕೀಲ್‌ಗೆ ಪ್ಲಾಸ್ಟಿಕ್ ಸಿಕ್ಕಿಕೊಳ್ತು, ದೋಣಿ ಕೆಸರಲ್ಲಿ ನಡೆದ ಹಾಗಾಯ್ತು, ಗಂಟು ಹಾಕಿದ ಹಗ್ಗವನ್ನ ಮೂತಿಯಿಂದ ಕೆಳಗೆ ಹಾಕಿ ಗರಗಸದ ಥರ ಆಡಿಸಿ ಬಿಡಿಸಿದ್ವಿ. ಇಷ್ಟು ಚೆಂದದ ಬಂದರಿಗೆ ನಾವು ಸುರಿಯೋ ಕಸ ನೋಡಿದ್ರೆ ಹೊಟ್ಟೆ ಉರಿಯುತ್ತೆ.

ಇದೇ ನೀರಲ್ಲಿ 1982ರ ಏಷ್ಯಾಡ್‌ನ ಹಾಯಿದೋಣಿ ಸ್ಪರ್ಧೆ ನಡೆದಿದ್ದು, ಫೈರ್‌ಬಾಲ್ ದೋಣಿಯಲ್ಲಿ ಫಾರುಖ್ ತಾರಾಪೋರ್, ಜರೀರ್ ಕರಂಜಿಯಾ ಚಿನ್ನ ಗೆದ್ದಿದ್ದು. ಇದೇ ನೀರಿಂದ ನೌಕಾಪಡೆಯ ಅಭಿಲಾಷ್ ಟಾಮಿ 2012ರ ನವೆಂಬರ್‌ನಲ್ಲಿ ಒಬ್ಬರೇ ಹೊರಟು, ಎಲ್ಲೂ ದಡ ಹತ್ತದೆ ಭೂಮಿ ಸುತ್ತಿ ಐದು ತಿಂಗಳಿಗೆ ವಾಪಸ್ ಬಂದಿದ್ದು. ಅವರ ದೋಣಿಯ ಹೆಸರು ಮಾದೇಯಿ, ನಮ್ಮ ಖಾನಾಪುರದ ಕಾಡಲ್ಲಿ ಹುಟ್ಟೋ ಮಹಾದಾಯಿ ನದಿ ಹೆಸರೇ ಅದು. ನಮ್ಮೂರ ಕಡೆ 300 ಕಿಲೋಮೀಟರ್ ಕಡಲಿದೆ, ಹುಟ್ಟಿದಾಗಿಂದ ನೀರಲ್ಲೇ ಇರೋ ಮಕ್ಕಳಿದಾರೆ, ಅವರ ಕೈಗೆ ಒಂದೊಂದು ಚಿಕ್ಕ ಹಾಯಿದೋಣಿ ಕೊಟ್ಟು ನೋಡ್ಬೇಕು ಅಂತ ನನಗೆ ಬಹಳ ಆಸೆ.

ಕೊನೆ ರೇಸ್ ಮೇ ಎರಡನೇ ಭಾನುವಾರ. ಒಟ್ಟು ಲೆಕ್ಕದಲ್ಲಿ ಮೂರನೇ ಸ್ಥಾನ ಬಂತು, ನಾಲ್ಕನೆಯವರಿಗೂ ನಮಗೂ ಒಂದೇ ಪಾಯಿಂಟ್ ವ್ಯತ್ಯಾಸ. ಮಳೆಗಾಲದಲ್ಲಿ ಇಲ್ಲಿ ದೋಣಿ ನೀರಲ್ಲಿ ಬಿಡೋಕಾಗಲ್ಲ, ಕ್ರೇನಲ್ಲಿ ಎತ್ತಿ ಮೇಲಿಡ್ಬೇಕು. ಎತ್ತಿದಾಗ ಮೊದಲ ಸಲ ಅದರ ಹೊಟ್ಟೆ ನೋಡಿದೆ, ಕೀಲ್ ತುಂಬಾ ಬಾರ್ನಕಲ್ ಚಿಪ್ಪು, ಟಂಡೇಲ್ ಕಾಕಾ ಉಳಿ ತಂದು ಕೆರೀತಿದ್ರು, ನಾವೂ ಕೂತ್ವಿ. ಸ್ಪಿನೇಕರನ್ನ ಸಿಹಿನೀರಲ್ಲಿ ತೊಳೆದು ಕ್ಲಬ್ಬಿನ ಹುಲ್ಲಿನ ಮೇಲೆ ಒಣಗಿಸಿದ್ವಿ. ಮಡಚೋಕೆ ಲಿಫ್ಟ್ ಹುಡುಗ ಕೈ ಹಾಕಿದ, ನಾನು ಬಿಡಲಿಲ್ಲ. ಕೆಂಪು ಅಂಚು ತುದಿಯಿಂದ ಬುಡದ ತನಕ, ಆಮೇಲೆ ಹಸಿರು ಅಂಚು. ನಾರಳಿ ಪೂರ್ಣಿಮೆಗೆ, ಅಂದ್ರೆ ನಮ್ಮ ನೂಲು ಹುಣ್ಣಿಮೆಗೆ, ಇಲ್ಲಿನ ಕೋಲಿ ಮೀನುಗಾರರೆಲ್ಲಾ ಕಡಲಿಗೆ ತೆಂಗಿನಕಾಯಿ ಬಿಡ್ತಾರಲ್ಲ, ಅವತ್ತು ಐದೂ ಜನ ಮತ್ತೆ ಸೇರೋದು ಅಂತ ಆಗಿದೆ, ಕಾಯಿ ನಾನೇ ಊರಿಂದ ತರ್ತೀನಿ ಅಂತ ಹೇಳಿದೀನಿ. ನಮಸ್ಕಾರ.