ಹೊಟ್ಟೆಯೊಳಗೆ ಫೆವಿಕ್ವಿಕ್ ಹಾಕ್ತಾರಾ?

ನಮಸ್ಕಾರ. ನಿಮ್ಮಲ್ಲೊಬ್ರು ಕೇಳಿದ್ರು: "ನಮ್ಮ ಮಾವನಿಗೆ ರಕ್ತವಾಂತಿ ಆಯ್ತು. ಡಾಕ್ಟ್ರು ಹೊಟ್ಟೆಯೊಳಗೆ ಗಮ್ ಹಾಕಿದ್ದೀವಿ ಅಂದ್ರು. ತಮಾಷೆನಾ ಸಾರ್?"

ತಮಾಷೆ ಅಲ್ಲ. ಅದು ಫೆವಿಕ್ವಿಕ್ ವಂಶದ್ದೇ, ಸಯನೋಅಕ್ರಿಲೇಟ್. ಅಂಗಡಿ ಟ್ಯೂಬ್ ಅಲ್ಲ, ಆಸ್ಪತ್ರೆಗೆ ಅಂತ್ಲೇ ಮಾಡಿದ್ದು.

ಹಿನ್ನೆಲೆ ಬೇಗ ಮುಗಿಸ್ತೀನಿ. ಕರುಳು, ಗುಲ್ಮದ ರಕ್ತ ಪೋರ್ಟಲ್ ವೇನ್ ಅನ್ನೋ ದೊಡ್ಡ ರಕ್ತನಾಳ ಹಿಡಿದು ಲಿವರ್‌ಗೆ ಹೋಗ್ಬೇಕು. ಸಿರೋಸಿಸ್ ಆಗಿ ಲಿವರ್ ಗಟ್ಟಿಯಾದ್ರೆ ತೂಬಿಗೆ ಹೂಳು ತುಂಬಿದ ಕೆರೆ ಥರ. ನೀರು ಕೋಡಿ ಹರಿಯುತ್ತೆ. ಇಲ್ಲಿ ಕೋಡಿ ಅಂದ್ರೆ ಅನ್ನನಾಳದ, ಜಠರದ ಸಣ್ಣ ರಕ್ತನಾಳಗಳು. ಉಬ್ಬಿಕೊಂಡ ಆ ನಾಳಗಳೇ ವೇರಿಸಸ್. ಅವು ಒಡೆದ್ರೆ ರಕ್ತವಾಂತಿ.

ಅನ್ನನಾಳದ್ದಾದ್ರೆ ರಬ್ಬರ್ ಬ್ಯಾಂಡ್ ಹಾಕಿ ಬಿಗೀತಾರೆ. ಜಠರದ ಮೇಲ್ಭಾಗ, ಫಂಡಸ್‌ನಲ್ಲಿರೋವು ದಪ್ಪ. ಬ್ಯಾಂಡ್ ಪೂರ್ತಿ ಹಿಡಿಯಲ್ಲ, ಉದುರಿದ ಜಾಗ ಹುಣ್ಣಾಗಿ ಮತ್ತೆ ರಕ್ತ ಚಿಮ್ಮಬಹುದು. ರಿಪೋರ್ಟ್‌ನಲ್ಲಿ ಜಿಒವಿ-1, ಐಜಿವಿ-1 ಅಂತ ಇರುತ್ತಲ್ಲ? ಯಾವುದು ಎಲ್ಲಿದೆ ಅಂತ ಹೇಳೋ ಆ 4 ವಿಂಗಡಣೆ ನಮ್ಮ ದೆಹಲಿಯ ಡಾ. ಶಿವಕುಮಾರ್ ಸರೀನ್ ತಂಡದ್ದು, 1992ರಲ್ಲಿ. ಜಗತ್ತಿನ ಬಹುತೇಕ ಕಡೆ ಅದನ್ನೇ ಬಳಸ್ತಾರೆ.

ಈಗ ನನ್ನ ಫೇವರಿಟ್ ಭಾಗ. 1942ರಲ್ಲಿ ಕೊಡಾಕ್‌ನ ಹ್ಯಾರಿ ಕೂವರ್ ಬಂದೂಕಿನ ಗುರಿಕಾಣಿಗೆ ಪಾರದರ್ಶಕ ಪ್ಲಾಸ್ಟಿಕ್ ಹುಡುಕ್ತಿದ್ರು. ಸಿಕ್ಕಿದ್ದು ಮುಟ್ಟಿದ್ದಕ್ಕೆಲ್ಲ ಅಂಟೋ ಪೀಡೆ. ಕೈಬಿಟ್ರು! ಅದೇ ಪೀಡೆಯ ಸಂಬಂಧಿಯನ್ನ 1986ರಲ್ಲಿ ಹ್ಯಾಂಬರ್ಗ್‌ನ ಡಾ. ಸೋಹೆಂಡ್ರಾ ತಂಡ ಜಠರದ ನಾಳಕ್ಕೆ ಚುಚ್ಚಿ ತೋರಿಸ್ತು.

ಹೇಗೆ ಅಂದ್ರೆ, ಎಂಡೋಸ್ಕೋಪ್, ಅಂದ್ರೆ ಬಾಯಿಂದ ಇಳಿಸೋ ಕ್ಯಾಮೆರಾ ಕೊಳವೆ, ಅದರ ತುದಿಯ ಸೂಜಿ ನೇರ ನಾಳದೊಳಗೆ. ಗಮ್ ಹೋಗುತ್ತೆ, ಹಿಂದೆಯೇ ಇನ್ನೊಂದು ಸಿರಿಂಜ್‌ನಿಂದ ತಳ್ತಾರೆ, ತಕ್ಷಣ ಸೂಜಿ ಹೊರಗೆ. ರಕ್ತ ತಾಗಿದ ಕೆಲವೇ ಸೆಕೆಂಡಲ್ಲಿ ಗಮ್ ಕಲ್ಲು! ತಡ ಮಾಡಿದ್ರೆ ಸೂಜಿಯೇ ಒಳಗೆ ಅಂಟ್ಕೊಳ್ಳುತ್ತೆ. ಗಮ್ ಹಾಕಿದ ಕೂಡ್ಲೇ ಸಕ್ಷನ್, ಅಂದ್ರೆ ಹೀರೋ ಬಟನ್ ಒತ್ತಿದ್ರೆ, ಗಮ್ ಒಳಗೆ ಸೇರಿ ಲಕ್ಷಗಟ್ಟಲೆ ಬೆಲೆಯ ಸ್ಕೋಪ್ ಕೂಡ ಹಾಳು. ಕಣ್ಣಿಗೆ ಸಿಡಿಯದಿರ್ಲಿ ಅಂತ ಅಲ್ಲಿ ಎಲ್ರೂ ಕನ್ನಡಕ ಹಾಕಿರ್ತಾರೆ.

ಅಪಾಯವೂ ಇದೆ: ಗಮ್ ತುಣುಕು ಶ್ವಾಸಕೋಶ ಸೇರಬಹುದು.

ಟೈಮ್ ಮುಗೀತಾ ಬಂತು, ಉಳಿದದ್ದು ಒಟ್ಟಿಗೆ. ಗಮ್‌ಗೆ ಮೊದಲೇ ಆ ನಾಳಗಳ ಒತ್ತಡ ಇಳಿಸೋ ಟೆರ್ಲಿಪ್ರೆಸಿನ್ ಥರದ ಔಷಧ, ಆಂಟಿಬಯಾಟಿಕ್ ಶುರು. ರಕ್ತ ಕೊಡೋದೂ ಹದವಾಗಿ, ಹಿಮೋಗ್ಲೋಬಿನ್ ಸಾಮಾನ್ಯವಾಗಿ 7-8ರ ಸುತ್ತ ಇರೋ ಹಾಗೆ. ಜಾಸ್ತಿ ತುಂಬಿಸಿದ್ರೆ ಕೆರೆಗೆ ಇನ್ನಷ್ಟು ನೀರು ಬಿಟ್ಟಂಗೆ. ಇದಕ್ಕೂ ಬಗ್ಗದಿದ್ರೆ ಲಿವರ್ ಒಳಗೇ ಕಾಲುವೆ ತೋಡೋ ಟಿಪ್ಸ್ (TIPS), ಪಕ್ಕದ ದಾರಿ ಮುಚ್ಚೋ ಬಿಆರ್‌ಟಿಒ (BRTO) ಅನ್ನೋ ವಿಧಾನಗಳಿವೆ. ಅವಕ್ಕೆ ಬೇರೆ ವಿಡಿಯೋನೇ ಬೇಕು.

ಆ ಗಮ್ ಏನಾಗುತ್ತೆ? ವಾರಗಳು, ತಿಂಗಳುಗಳು ಕಳೆದ ಮೇಲೆ ಗಟ್ಟಿ ತುಂಡಾಗಿ ಜಠರದೊಳಗೆ ಉದುರುತ್ತೆ. ನಿಮ್ಮ ಮಾವನನ್ನ ಮತ್ತೆ ಎಂಡೋಸ್ಕೋಪಿಗೆ ಕರೀತಾರೆ, ತಪ್ಪಿಸ್ಬೇಡಿ. ಮಲ ಟಾರಿನ ಹಾಗೆ ಕಪ್ಪಾದ್ರಂತೂ ಆ ತಾರೀಖಿಗೆ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ.