ಸಲಾಲಾ ದಾರಿಯಲ್ಲಿ: ರಾಯಭಾರ ಕಚೇರಿಯ ಕೆಲಸ ಹೀಗಿರುತ್ತದೆ

ನೀವು ಈಗ ನೋಡುತ್ತಿರುವುದು ಒಮಾನ್‌ನ ಹೆದ್ದಾರಿ. ಮಸ್ಕತ್ ಬಿಟ್ಟು, ನಿಜ್ವಾ ದಾಟಿ, ಆದಂ ಕೂಡ ಹಿಂದೆ ಉಳಿಯಿತು. ಇನ್ನು ಹೈಮಾ, ಆಮೇಲೆ ತುಮ್ರೈತ್, ಕೊನೆಗೆ ಸಲಾಲಾ. ಒಟ್ಟು ಸಾವಿರ ಕಿಲೋಮೀಟರ್ ಆಸುಪಾಸು. ಗಾಡಿ ಓಡಿಸುತ್ತಿರುವವರು ನಮ್ಮ ಯಜಮಾನರು. ಜುಲೈ ತಿಂಗಳಾದ್ದರಿಂದ ಸಲಾಲಾದ ಮಳೆ ನೋಡಲು ಹೊರಟವರ ಕಾರುಗಳೇ ಜಾಸ್ತಿ. ಈ ಸಲ ನಾವು ಹೊರಟಿರುವುದೂ ಅದಕ್ಕೇ. ಆದರೆ ನನಗೆ ಈ ದಾರಿ ಪರಿಚಯವಾದದ್ದು ನೌಕರಿಯಿಂದ.

ನಾನು ವಿದೇಶಾಂಗ ಸಚಿವಾಲಯದಿಂದ ನಿವೃತ್ತಳಾದವಳು. ಮಸ್ಕತ್‌ನ ನಮ್ಮ ರಾಯಭಾರ ಕಚೇರಿಯಲ್ಲೂ ಕೆಲಸ ಮಾಡಿದ್ದೇನೆ, ಕಾನ್ಸುಲರ್ ವಿಭಾಗದಲ್ಲಿ, ಅಂದರೆ ಅಲ್ಲಿರುವ ನಮ್ಮ ದೇಶದವರ ಕಾಗದಪತ್ರ, ಕಷ್ಟಸುಖ ನೋಡಿಕೊಳ್ಳುವ ವಿಭಾಗದಲ್ಲಿ. ಅಲ್ಲಿ ದಿನವೆಲ್ಲ ಏನು ಮಾಡುತ್ತೀರಿ ಅಂತ ಊರಲ್ಲಿ ತುಂಬಾ ಜನ ಕೇಳುತ್ತಾರೆ. ಈ ದಾರಿ ಉದ್ದಕ್ಕಿದೆ, ನಿಧಾನವಾಗಿ ಹೇಳುತ್ತೇನೆ.

ಒಮಾನ್ ನಮ್ಮ ಕರ್ನಾಟಕದ ಒಂದೂವರೆ ಪಟ್ಟಿಗೂ ಜಾಸ್ತಿ ದೊಡ್ಡದು. ಭಾರತದ ರಾಯಭಾರ ಕಚೇರಿ ಇರುವುದು ಮಸ್ಕತ್‌ನಲ್ಲಿ. ಸಲಾಲಾದಲ್ಲಿ ದುಡಿಯುವ ಒಬ್ಬ ಗಾರೆ ಕೆಲಸದವನು ಒಂದು ಸಹಿಗಾಗಿ ಅಲ್ಲಿಗೆ ಬರಬೇಕೆಂದರೆ ಕೂಲಿ ಹೋಗುತ್ತದೆ, ಅರ್ಬಾಬ್, ಅಂದರೆ ಕೆಲಸ ಕೊಟ್ಟ ಮಾಲೀಕ, ರಜೆ ಕೊಡಬೇಕು, ಬಸ್ ಚಾರ್ಜು ಬೇರೆ. ಅದಕ್ಕೇ ಕಚೇರಿಯವರು ಆಗಾಗ ಸಲಾಲಾಕ್ಕೆ ಹೋಗಿ ಕ್ಯಾಂಪ್ ಹಾಕುತ್ತಾರೆ. ನಮ್ಮ ಸಾಮಾನೆಂದರೆ ಸೀಲು, ರಸೀದಿ ಪುಸ್ತಕ, ಅರ್ಜಿ ಫಾರಂಗಳು. ಒಂದು ಹಾಲ್‌ನಲ್ಲಿ ಮೇಜು ಹಾಕಿ ಕೂತರೆ ಊಟದ ಹೊತ್ತು ಕೂಡ ಗೊತ್ತಾಗುವುದಿಲ್ಲ. ಪಾಸ್‌ಪೋರ್ಟ್ ನವೀಕರಣ, ಇಲ್ಲೇ ಹುಟ್ಟಿದ ಮಗುವಿನ ಜನನ ನೋಂದಣಿ, ನವೆಂಬರ್‌ನಲ್ಲಾದರೆ ಪಿಂಚಣಿದಾರರ ಜೀವನ ಪ್ರಮಾಣಪತ್ರ. ಊರಿನ ಜಮೀನು ಪಾಲಾಗುತ್ತಿದೆ, ಅಣ್ಣನ ಹೆಸರಿಗೆ ಪವರ್ ಆಫ್ ಅಟಾರ್ನಿ ಮಾಡಿಕೊಡಿ ಅಂತ ಉಡುಪಿ, ಭಟ್ಕಳ ಕಡೆಯವರು ಬರುತ್ತಾರೆ. ಅಂಥವರನ್ನು ನಾನು ಕನ್ನಡದಲ್ಲೇ ಕೇಳುತ್ತಿದ್ದೆ: "ಇದರಲ್ಲಿ ಏನು ಬರೆದಿದೆ, ನಿಮಗೆ ಗೊತ್ತಲ್ವಾ?" ಕೆಲವರಿಗೆ ಗೊತ್ತಿರುತ್ತಿರಲಿಲ್ಲ. ಮಾರುವ ಹಕ್ಕನ್ನೂ ಬರೆದುಕೊಟ್ಟುಬಿಡುತ್ತಿದ್ದರು. ಓದಿ ಹೇಳಿದ ಮೇಲೆ ಸಹಿ ಹಾಕದೆ ಎದ್ದು ಹೋದವರಿದ್ದಾರೆ. ಆ ಓದಿ ಹೇಳುವ ಕೆಲಸ ನನಗೆ ತುಂಬಾ ಮುಖ್ಯ ಅನ್ನಿಸುತ್ತಿತ್ತು.

ಇನ್ನು ಜೈಲು ಭೇಟಿ. ಮಗ ಜೈಲಲ್ಲಿದ್ದಾನೆ ಅಂತ ಊರಿಂದ ಫೋನ್ ಮಾಡುವವರು ಮೊದಲು ಕೇಳುವುದೇ, "ರಾಯಭಾರಿಗಳು ಒಂದು ಮಾತು ಹೇಳಿದ್ರೆ ಬಿಡ್ತಾರಲ್ವಾ ಮೇಡಂ?" ಬಿಡುವುದಿಲ್ಲ. ಆ ದೇಶದ ಕಾನೂನಿನೊಳಗೆ ನಾವು ಕೈ ಹಾಕುವಂತಿಲ್ಲ. ನಮಗೆ ಏನು ಹಕ್ಕಿದೆ ಎಂಬುದನ್ನು ದೇಶಗಳ ನಡುವಿನ ಕಾನ್ಸುಲರ್ ಸಂಬಂಧಗಳ ಕುರಿತ 1963ರ ವಿಯೆನ್ನಾ ಒಪ್ಪಂದ ಹೇಳುತ್ತದೆ. ಬಂಧಿತ ವ್ಯಕ್ತಿ ಕೇಳಿಕೊಂಡರೆ ಅಲ್ಲಿನ ಅಧಿಕಾರಿಗಳು ತಡ ಮಾಡದೆ ಅವನ ದೇಶದ ಕಚೇರಿಗೆ ತಿಳಿಸಬೇಕು. ಹೀಗೆ ಕೇಳುವ ಹಕ್ಕಿದೆ ಅಂತ ಅವನಿಗೂ ಹೇಳಬೇಕು. ನಾವು ಹೋಗಿ ನೋಡಬಹುದು, ಮಾತಾಡಬಹುದು, ವಕೀಲರನ್ನು ಗೊತ್ತು ಮಾಡಬಹುದು. ಇದು ಅದರ 36ನೇ ವಿಧಿ. ಪಾಕಿಸ್ತಾನ ಬಂಧಿಸಿದ್ದ ಭಾರತೀಯ ಕುಲಭೂಷಣ್ ಜಾಧವ್ ಪ್ರಕರಣದಲ್ಲಿ ಭಾರತ ಹೇಗ್ ನಗರದ ಅಂತಾರಾಷ್ಟ್ರೀಯ ನ್ಯಾಯಾಲಯಕ್ಕೆ ಹೋದದ್ದು ಇದೇ ವಿಧಿ ಹಿಡಿದು. ಪಾಕಿಸ್ತಾನ ಇದನ್ನು ಮುರಿದಿದೆ ಎಂದು 2019ರ ಜುಲೈನಲ್ಲಿ ತೀರ್ಪು ಬಂತು.

ಸುಮ್ನೆ ಹೋಗಿ ನೋಡಿ ಬಂದರೆ ಏನಾಯಿತು ಅಂತ ನಿಮಗೆ ಅನ್ನಿಸಬಹುದು. ತುಂಬಾ ಆಗುತ್ತದೆ. ಕೋರ್ಟಿನಲ್ಲಿ ಎಲ್ಲ ಅರಬ್ಬಿಯಲ್ಲಿ ನಡೆದಿರುತ್ತದೆ. ತನ್ನ ಮೇಲೆ ಇರುವ ಕೇಸ್ ಏನು ಎಂಬುದೇ ಆ ಹುಡುಗನಿಗೆ ಸರಿಯಾಗಿ ತಿಳಿದಿರುವುದಿಲ್ಲ. ಶಿಕ್ಷೆ ಮುಗಿದಿರುತ್ತದೆ, ಪಾಸ್‌ಪೋರ್ಟ್ ಇಲ್ಲದೆ ಕೂತಿರುತ್ತಾನೆ. ನಾವು ಹೋಗಿ ಹೆಸರು, ಊರು ಬರೆದುಕೊಂಡು ಬಂದರೆ ಭಾರತದಿಂದ ಅವನ ಪೌರತ್ವ ಖಾತ್ರಿ ಮಾಡಿಸಿ ಎಮರ್ಜೆನ್ಸಿ ಸರ್ಟಿಫಿಕೇಟ್ ಕೊಡಲು ಆಗುತ್ತದೆ. ಇಲ್ಲಿನವರು ಅದನ್ನು ಔಟ್‌ಪಾಸ್ ಅನ್ನುತ್ತಾರೆ. ಒಂದೇ ಒಂದು ಪ್ರಯಾಣಕ್ಕೆ ಸಲ್ಲುವ ಕಾಗದ ಅದು. ಊರಿಗೆ ಮರಳಲು ಅಷ್ಟು ಸಾಕು.

ಮುಂದೆ ಕಾಣುವುದು ಹೈಮಾ. ಪೆಟ್ರೋಲ್ ಹಾಕಿಸಿ, ಒಂದು ಕರಕ್ ಚಾ ಕುಡಿದು ಹೊರಡುತ್ತೇವೆ.

ಕಚೇರಿಗೆ ಬರುವ ಫೋನ್‌ಗಳಲ್ಲಿ ನನಗೆ ತೀರಾ ಕಷ್ಟವೆನಿಸುತ್ತಿದ್ದದ್ದು ಸಾವಿನ ಸುದ್ದಿಯದು. ಶುಕ್ರವಾರವಿರಲಿ, ಹಬ್ಬವಿರಲಿ, ಡ್ಯೂಟಿ ಫೋನ್ ಯಾರ ಹತ್ತಿರ ಇದೆಯೋ ಅವರು ಎತ್ತಲೇಬೇಕು. ರಸ್ತೆ ಅಪಘಾತ, ಹೃದಯಾಘಾತ, ಕಟ್ಟಡದಿಂದ ಬಿದ್ದದ್ದು. ಬಿಸಿಲಿನಲ್ಲಿ ದುಡಿದು ರೂಮಿಗೆ ಬಂದು ಮಲಗಿದವರು ಬೆಳಿಗ್ಗೆ ಏಳದೇ ಇರುವುದು. ಆಮೇಲೆ ಕಾಗದಗಳು ಒಂದರ ಹಿಂದೆ ಒಂದು. ವೈದ್ಯರ ವರದಿ, ಪೊಲೀಸರ ಅನುಮತಿ, ಮರಣ ಪ್ರಮಾಣಪತ್ರ. ಊರಿಂದ ಹತ್ತಿರದ ವಾರಸುದಾರರ ಒಪ್ಪಿಗೆ ಪತ್ರ. ನಾವು ಸಾವನ್ನು ನೋಂದಾಯಿಸಿ, ಪಾಸ್‌ಪೋರ್ಟ್ ರದ್ದು ಮಾಡಿ, ಎನ್‌ಒಸಿ, ಅಂದರೆ ನಿರಾಕ್ಷೇಪಣಾ ಪತ್ರ, ಕೊಡಬೇಕು. ದೇಹ ಕೆಡದಂತೆ ಎಂಬಾಮಿಂಗ್ ಆಗಬೇಕು, ವಿಮಾನದ ಕಾರ್ಗೋದಲ್ಲಿ ಜಾಗ ಸಿಗಬೇಕು. ಒಂದು ಕಾಗದ ನಿಂತರೆ ಎಲ್ಲವೂ ನಿಲ್ಲುತ್ತದೆ.

"ಅವನನ್ನು ಯಾವಾಗ ಕಳಿಸ್ತೀರಿ ಮೇಡಂ?" ಅಂತ ಕುಂದಾಪುರದಿಂದ ಒಬ್ಬರು ದಿನಾ ಕೇಳುತ್ತಿದ್ದರು. ಬಾಡಿ ಅನ್ನುತ್ತಿರಲಿಲ್ಲ, ಒಂದು ಸಲವೂ. ಅವರೆದುರು ನಾನೂ ಆ ಪದ ಆಡುವುದನ್ನು ಬಿಟ್ಟೆ. ಅವರ ತಮ್ಮನ ಪಾಸ್‌ಪೋರ್ಟ್‌ನಲ್ಲಿದ್ದ ಹೆಸರೇ ಒಂದು, ರೇಷನ್ ಕಾರ್ಡ್‌ನಲ್ಲಿದ್ದದ್ದೇ ಇನ್ನೊಂದು. ಅದನ್ನು ಸರಿಪಡಿಸುವ ಅಫಿಡವಿಟ್ ಬರುವವರೆಗೆ ಕೆಲಸ ಮುಂದೆ ಹೋಗಲಿಲ್ಲ. ಇಂಥ ಹೊತ್ತಿನಲ್ಲಿ ಅಧಿಕಾರಿ ಮಾಡಬೇಕಾದದ್ದು ಒಂದೇ. ಫೋನ್ ಎತ್ತಬೇಕು, ಇವತ್ತು ಎಲ್ಲಿಗೆ ಬಂತು ಅಂತ ಇದ್ದದ್ದನ್ನು ಹೇಳಬೇಕು. ನಾಳೆ ಆಗುತ್ತದೆ ಅಂತ ಸುಳ್ಳು ಸಮಾಧಾನ ಹೇಳಬಾರದು. ಅಷ್ಟು ಹೊತ್ತಿಗೆ ಮನೆಯಲ್ಲಿ ನೆಂಟರೆಲ್ಲ ಸೇರಿ ಕಾಯುತ್ತಿರುತ್ತಾರೆ, ನೆನಪಿರಲಿ.

ಕಂಪನಿಯವರು ಖರ್ಚು ಕೊಡದಿದ್ದರೆ, ಮನೆಯವರಿಗೂ ಶಕ್ತಿ ಇಲ್ಲದಿದ್ದರೆ, ಭಾರತೀಯ ಸಮುದಾಯ ಕಲ್ಯಾಣ ನಿಧಿ ಇದೆ. 2009ರಲ್ಲಿ ಶುರುವಾದದ್ದು. ಕಾನ್ಸುಲರ್ ಸೇವೆಗಳ ಮೇಲೆ ಎಲ್ಲರಿಂದ ಸಂಗ್ರಹಿಸುವ ಸಣ್ಣ ಶುಲ್ಕವೇ ಅದಕ್ಕೆ ಮೂಲ. ಅಂದರೆ ಪಾಸ್‌ಪೋರ್ಟ್ ಮಾಡಿಸಿಕೊಳ್ಳಲು ಬಂದವರು ಕೊಟ್ಟ ಹಣದಲ್ಲೇ ಇನ್ನೊಬ್ಬರು ಊರಿಗೆ ಮರಳುತ್ತಾರೆ. ಬಾಕಿ ಸಂಬಳ, ಪರಿಹಾರ ಬಂದರೆ ಅದನ್ನು ಜಿಲ್ಲಾಧಿಕಾರಿಗಳ ಮೂಲಕ ವಾರಸುದಾರರಿಗೆ ತಲುಪಿಸುವ ಪದ್ಧತಿ ಇದೆ. ಇಷ್ಟೆಲ್ಲ ಆದರೂ ಹೆಂಡತಿಗೆ ಬರಬೇಕಾದ ದುಡ್ಡನ್ನು ಅವಳ ಕೈಯಿಂದಲೇ ತಮ್ಮ ಹೆಸರಿಗೆ ಬರೆಸಿಕೊಳ್ಳಲು ನೋಡುವವರು ಇರುತ್ತಾರೆ. ಅಂಥ ಕಡೆ ನಾನು ಆ ಹೆಣ್ಣುಮಗಳ ಹತ್ತಿರವೇ ಫೋನ್‌ನಲ್ಲಿ ಮಾತಾಡುತ್ತೇನೆ ಅಂತ ಹಟ ಹಿಡಿಯುತ್ತಿದ್ದೆ.

ಔತಣಕೂಟ, ಧ್ವಜಾರೋಹಣ ಎಲ್ಲ ಇರುತ್ತವೆ. ಆಗಸ್ಟ್ 15ರಂದು ಧ್ವಜ ಹಾರಿಸಿ ರಾಯಭಾರಿಗಳು ರಾಷ್ಟ್ರಪತಿಗಳ ಭಾಷಣ ಓದುತ್ತಾರೆ. ಅವತ್ತು ಬರುವ ಜನರ ಮುಖ ನೋಡುವುದೇ ಸಂತೋಷ. ಅದರ ಬಗ್ಗೆ ಇನ್ನೊಂದು ವಿಡಿಯೋ ಮಾಡುತ್ತೇನೆ.

ಈಗ, ಮನೆಯಿಂದ ಯಾರಾದರೂ ಕೊಲ್ಲಿಗೆ ಕೆಲಸಕ್ಕೆ ಹೋಗಿದ್ದರೆ, ಅಥವಾ ಹೊರಟಿದ್ದರೆ, ಇದನ್ನು ಬರೆದುಕೊಳ್ಳಿ. ಎಸ್ಸೆಸ್ಸೆಲ್ಸಿ ಪಾಸಾಗದವರು ಒಮಾನ್, ಕುವೈತ್, ಸೌದಿ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ಸರ್ಕಾರದ ಎಮಿಗ್ರೇಷನ್ ಕ್ಲಿಯರೆನ್ಸ್, ಅಂದರೆ ಕೆಲಸಕ್ಕೆ ದೇಶ ಬಿಟ್ಟು ಹೋಗಲು ಅನುಮತಿ, ಬೇಕು. ಅದರ ಜೊತೆ ಪ್ರವಾಸಿ ಭಾರತೀಯ ಬಿಮಾ ಯೋಜನೆ ಎಂಬ ವಿಮೆ ಕಡ್ಡಾಯ. ಅಪಘಾತದಲ್ಲಿ ಸತ್ತರೆ ಅಥವಾ ಶಾಶ್ವತವಾಗಿ ಅಂಗವಿಕಲರಾದರೆ 10 ಲಕ್ಷ ರೂಪಾಯಿ. ಪಾಲಿಸಿ ಇದೆ ಎಂಬುದೇ ಎಷ್ಟೋ ಮನೆಗಳಿಗೆ ಗೊತ್ತಿರುವುದಿಲ್ಲ, ಕಾಗದ ಹೋದವರ ಪೆಟ್ಟಿಗೆಯಲ್ಲೇ ಇರುತ್ತದೆ. ಹೊರಡುವ ಮೊದಲು ಪಾಲಿಸಿ, ಪಾಸ್‌ಪೋರ್ಟ್, ವೀಸಾ, ಕರಾರು ಪತ್ರ, ಇಷ್ಟರ ಜೆರಾಕ್ಸ್ ಮನೆಯಲ್ಲಿ ಇಟ್ಟುಕೊಳ್ಳಿ. ನಾಮಿನಿ ಯಾರು ಅಂತ ನೋಡಿ. ಪಾಸ್‌ಪೋರ್ಟ್‌ನಲ್ಲಿರುವ ಹೆಸರು, ಆಧಾರ್‌ನಲ್ಲಿರುವ ಹೆಸರು ಒಂದೇ ಇದೆಯಾ ಅಂತಲೂ ನೋಡಿ. ಬೇರೆ ಇದ್ದರೆ ಈಗಲೇ ಸರಿ ಮಾಡಿಸಿ.