ಮನುಷ್ಯ ಯಾರು, ನಕಲಿ ಮನುಷ್ಯ ಯಾರು ಅಂತ ಆಟಕ್ಕೇ ಮೊದಲು ಗೊತ್ತಿರಲ್ಲ

ಈಗ ಕಾಣ್ತಾ ಇರೋದು ಮುಂಬಯಿಯ ಲ್ಯಾಮಿಂಗ್ಟನ್ ರೋಡ್, ಕಂಪ್ಯೂಟರ್ ಸಾಮಾನಿನ ಪೇಟೆ. ಗ್ರಾಂಟ್ ರೋಡ್ ಸ್ಟೇಷನ್ನಿಂದ ನಡ್ಕೊಂಡೇ ಬರಬಹುದು. ಜುಲೈ ಮಳೆ, ಒಂದು ಕೈಲಿ ಕೊಡೆ, ಇನ್ನೊಂದರಲ್ಲಿ ಫೋನು. ಶಾಟ್ ಅಲ್ಲಾಡ್ತಾ ಉಂಟು, ಸ್ವಲ್ಪ ಸಹಿಸ್ಕೊಳ್ಳಿ. ನಾನು ಬಂದದ್ದು ಯುಎಸ್‌ಬಿ ಸಿಡಿ ಡ್ರೈವ್ ಹುಡುಕ್ಕೊಂಡು. ಸಿಡಿ ಅಂದ ಕೂಡ್ಲೇ ಅಂಗಡಿಯವರು ನನ್ನ ಮುಖವನ್ನೇ ಒಂದು ಸಲ ನೋಡಿದ್ರು. ಆದ್ರೂ ಒಳಗಿಂದ ತಂದು ಕೊಟ್ರು.

ಡ್ರೈವ್ ಯಾಕೆ ಅಂದ್ರೆ, ಮುಲುಂಡಿನಲ್ಲಿರೋ ನಮ್ಮ ಭಾವನ ಕಪಾಟಿನಲ್ಲಿ 'ಬ್ಲೇಡ್ ರನ್ನರ್' ಅನ್ನೋ ಪತ್ತೇದಾರಿ ಕಂಪ್ಯೂಟರ್ ಗೇಮಿನ ಹಳೇ ಡಬ್ಬಿ ಉಂಟು. ವೆಸ್ಟ್‌ವುಡ್ ಸ್ಟುಡಿಯೋಸ್ 1997ರಲ್ಲಿ ಮಾಡಿದ್ದು, ನಾಲ್ಕು ಸಿಡಿ. ಅದೇ ಹೆಸರಿನ 1982ರ ಸಿನಿಮಾದ ಲೋಕವೇ, ಆದ್ರೆ ಕಥೆ ಬೇರೆ, ಪತ್ತೇದಾರನೂ ಬೇರೆ. ಇವನ ಹೆಸರು ರೇ ಮೆಕಾಯ್. ಊರು ಲಾಸ್ ಏಂಜಲೀಸ್, 2019ರ ನವೆಂಬರ್. ಅಲ್ಲೂ ಮಳೆ ನಿಲ್ಲೋದೇ ಇಲ್ಲ, ಹಾಗಾಗಿ ಮುಂಬಯಿಯವರಿಗೆ ಹೊಸತು ಅನ್ನಿಸಲ್ಲ.

ಕೇಸು ಶುರುವಾಗೋದು ರನ್ಸಿಟರ್ ಅನ್ನೋನ ಪ್ರಾಣಿ ಅಂಗಡಿಯಲ್ಲಿ. ಯಾರೋ ನುಗ್ಗಿ ಪ್ರಾಣಿಗಳನ್ನ ಕೊಂದು ಹೋಗಿದ್ದಾರೆ. ನಿಜವಾದ ಪ್ರಾಣಿ ಅಪರೂಪವಾಗಿರೋ ಆ ಕಾಲದಲ್ಲಿ ಇದು ಮನುಷ್ಯನ ಕೊಲೆಗೆ ಹತ್ತಿರದ ಅಪರಾಧ. ಸಂಶಯ ಬೀಳೋದು ರೆಪ್ಲಿಕಂಟ್‌ಗಳ ಮೇಲೆ, ಅಂದ್ರೆ ಮನುಷ್ಯರ ಹಾಗೇ ತಯಾರು ಮಾಡಿದ ಆಳುಗಳ ಮೇಲೆ.

ಇನ್ನು ಮಜಾ ಕೇಳಿ. ಕಥೆಯಲ್ಲಿ ಸಿಗೋ ಲೂಸಿ, ಡೆಕ್ಟೋರಾ, ಗೋರ್ಡೋ, ಇಝೋ ಇವರಲ್ಲಿ ಯಾರು ಮನುಷ್ಯರು, ಯಾರು ರೆಪ್ಲಿಕಂಟ್ ಅನ್ನೋದನ್ನ ಪ್ರತಿ ಸಲ ಹೊಸದಾಗಿ ಆಡಲಿಕ್ಕೆ ಶುರು ಮಾಡಿದಾಗ ಗೇಮು ಚೀಟಿ ಎತ್ತಿದ ಹಾಗೆ ಬದಲಾಯಿಸ್ತದೆ. ಸಾಮಾನ್ಯ ಪತ್ತೇದಾರಿ ಗೇಮಿನಲ್ಲಿ ಉತ್ತರ ಒಂದೇ, ನೆಟ್ಟಿನಲ್ಲಿ ನೋಡಿ ಹೇಳಿದ್ರೆ ಮುಗೀತು. ಇಲ್ಲಿ ನೆಟ್ಟಿನವನ ಉತ್ತರ ಅವನ ಕೇಸಿಗೆ ಮಾತ್ರ. ಭಾವ ಹಠ ಹಿಡಿದು ಹೇಳಿದ್ರು, "ಲೂಸಿ ಪಾಪದ ಹುಡುಗಿ ಮಾರಾಯ, ಮನುಷ್ಯಳೇ." ನನ್ನ ಆಟದಲ್ಲಿ ಅಲ್ಲ ಭಾವ! ಇಬ್ಬರದ್ದೂ ಸರಿ.

ಈ ದೃಶ್ಯ ನೋಡಿ. ಚೈನಾಟೌನಿನ ಅಡುಗೆಯವ ಝೂಬೆನ್. ನಾಲ್ಕು ಪ್ರಶ್ನೆ ಕೇಳೋದರೊಳಗೆ ಕುದಿಯೋ ಹಂಡೆಯನ್ನ ನಮ್ಮ ಮೇಲೆ ದೂಡಿ ಹಿಂದಿನ ಓಣಿಗೆ ಓಡ್ತಾನೆ. ನಾವು ಬಂದೂಕು ಹಿಡ್ಕೊಂಡು ಹಿಂದೆ. ಈಗ ಏನು ಮಾಡ್ಬೇಕು ಅಂತ ಯಾರೂ ಕೇಳಲ್ಲ, ಹೊಡಿ ಅಥವಾ ಬಿಡು ಅಂತ ಬಟನ್ ಕೂಡ ಬರಲ್ಲ. ಗುಂಡು ಹಾರಿಸಿದ್ರೆ ಅದೊಂದು ದಾರಿ, ಬಂದೂಕು ಇಳಿಸಿದ್ರೆ ಇನ್ನೊಂದು. ಭಾವ ಹೊಡೆದ್ರು, ಅದು ಡ್ಯೂಟಿಯಂತೆ. ನಾನು ಬಿಟ್ಟೆ.

ಸಿನಿಮಾದಲ್ಲಿರೋ ವಾಯ್ಟ್-ಕಾಂಪ್ ಪರೀಕ್ಷೆಯೂ ಇಲ್ಲುಂಟು, ಅಂದ್ರೆ ಎದುರಿನವರು ಮನುಷ್ಯರಾ ರೆಪ್ಲಿಕಂಟಾ ಅಂತ ಪ್ರಶ್ನೆ ಕೇಳಿ ಪತ್ತೆ ಮಾಡೋದು. ಮೆತ್ತಗಿನ, ಮಧ್ಯಮದ, ಚುಚ್ಚೋ ಪ್ರಶ್ನೆ ಅಂತ ಮೂರು ಬಗೆ. ಎದುರಿನವರನ್ನ ಅತಿಯಾಗಿ ಕೆಣಕಿದ್ರೆ ತೀರ್ಮಾನಕ್ಕೆ ಬರೋ ಮೊದಲೇ ಪರೀಕ್ಷೆ ಮುಗಿದು ಹೋಗ್ತದೆ. ಮೆಕಾಯ್ ಹೇಗೆ ಮಾತಾಡ್ಬೇಕು ಅನ್ನೋದನ್ನೂ ಸೆಟ್ ಮಾಡಬಹುದು: ನಯವಾಗಿ, ಸಿಡುಕಿನಿಂದ, ಅಥವಾ ತಲೆಕೆಟ್ಟವನ ಹಾಗೆ. ಸಿಡುಕೇ ಚಂದ, ಎರಡು ಮಾತಿಲ್ಲ.

ಕೊರತೆ ಇಲ್ವಾ? ಉಂಟು. ಪಾತ್ರಗಳು ವಾಕ್ಸೆಲ್‌ಗಳಲ್ಲಿ ಮಾಡಿದ್ದು, ಅಂದ್ರೆ ಪುಟ್ಟ ಪುಟ್ಟ ಘನಗಳ ಜೋಡಣೆ. 3ಡಿ ಕಾರ್ಡ್ ಇಲ್ಲದ ಕಂಪ್ಯೂಟರಲ್ಲೂ ಓಡಲಿ ಅಂತ ಆ ಉಪಾಯ. ಹತ್ತಿರ ಬಂದ್ರೆ ಮುಖವೇ ಕಾಣಲ್ಲ. ಕೆಲವೊಮ್ಮೆ ಮುಂದೆ ಎಲ್ಲಿಗೆ ಹೋಗೋದು ಅಂತಲೂ ಗೊತ್ತಾಗಲ್ಲ, ಕಾರು ಹತ್ತಿ ಊರು ಸುತ್ತೋದೇ ಕೆಲಸ.

ಇವತ್ತಿಗೂ ಇದನ್ನ ಆಡಲಿಕ್ಕೆ ಆಗೋದೇ ಆಶ್ಚರ್ಯ. ವೆಸ್ಟ್‌ವುಡ್ ಮುಚ್ಚಿತು, ಮೂಲ ಕೋಡ್ ಕಳೆದುಹೋಯ್ತು. ಹಳೇ ಗೇಮುಗಳನ್ನ ಹೊಸ ಕಂಪ್ಯೂಟರಲ್ಲಿ ಓಡಿಸೋ ಉಚಿತ ಸಾಫ್ಟ್‌ವೇರ್ ಸ್ಕಮ್‌ವಿಎಮ್‌ನ ಸ್ವಯಂಸೇವಕರು ಗೇಮನ್ನ ಬಿಚ್ಚಿ, ಒಳಗೆ ಏನು ಹೇಗೆ ನಡೀತದೆ ಅಂತ ಅರ್ಥ ಮಾಡ್ಕೊಂಡು ಮತ್ತೆ ಬರೆದ್ರು. ಅದು ಜನರ ಕೈಗೆ ಬಂದದ್ದು 2019ರಲ್ಲೇ, ಕಥೆ ನಡೆಯೋ ವರ್ಷದಲ್ಲೇ. 2022ರಲ್ಲಿ ಹಳೇ ಗೇಮುಗಳನ್ನ ಹೊಸದು ಮಾಡೋ ಕಂಪನಿ ನೈಟ್‌ಡೈವ್‌ನವರ ಎನ್‌ಹ್ಯಾನ್ಸ್ಡ್ ಎಡಿಷನ್ ಬಂತು. ನನ್ನ ಕೇಳಿದ್ರೆ ಹಳೇ ಫೈಲು ಮತ್ತು ಸ್ಕಮ್‌ವಿಎಮ್ ಸಾಕು. ಸಿಡಿ ಇಲ್ಲದವರು ಗೇಮು ಮಾರೋ ವೆಬ್‌ಸೈಟು ಜಿಒಜಿಯಲ್ಲಿ ತಗೊಳ್ಳಿ, ಈ ಮಳೆಯಲ್ಲಿ ಲ್ಯಾಮಿಂಗ್ಟನ್ ರೋಡಿಗೆ ಬರೋ ಕಷ್ಟ ಬೇಡ.